ಕರಾವಳಿಯ ತೇವದಲ್ಲಿ ಮಾದರಿ ರಾಕೆಟ್: ಬಿಳಿಚಿದ ಬಣ್ಣ, ಸುಕ್ಕು ಮತ್ತು ಓರೆಯಾದ ರೆಕ್ಕೆ

ಪ್ರಶ್ನೆ: ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅಮೆರಿಕದಲ್ಲಿರುವ ನನ್ನ ಭಾವ ಊರಿಗೆ ಬಂದಾಗ ಅವಳಿಗೆಂದು ಆರಂಭಿಕರ ಮಾದರಿ ರಾಕೆಟ್ ಕಿಟ್ ಎರಡನ್ನು ತಂದುಕೊಟ್ಟಿದ್ದರು. ಮೊದಲನೆಯದನ್ನು ಸೆಪ್ಟೆಂಬರಿನಲ್ಲಿ ಜೋಡಿಸಿ, ಹಾರ್ಡ್‌ವೇರ್ ಅಂಗಡಿಯಿಂದ ತಂದ ಸ್ಪ್ರೇ ಡಬ್ಬಿಯಲ್ಲಿ ಕೆಂಪು ಬಣ್ಣ ಹೊಡೆದೆವು. ಒಣಗುವಾಗ ಅಲ್ಲಲ್ಲಿ ಬಿಳಿಚಿಕೊಂಡಿತು. ಅದನ್ನು ಮುಚ್ಚಲೆಂದು ಮರುದಿನ ಇನ್ನೊಂದು ಕೋಟು ಹೊಡೆದರೆ ಒಂದು ಬದಿ ಸುಕ್ಕುಗಟ್ಟಿತು. ರೆಕ್ಕೆಗಳಲ್ಲಿ ಮರದ ಗೆರೆಗಳು ಹಾಗೆಯೇ ಎದ್ದು ಕಾಣುತ್ತಿವೆ, ಒಂದು ರೆಕ್ಕೆ ಓರೆಯಾಗಿಯೂ ಕುಳಿತಿದೆ. ಇದನ್ನು ಸರಿಪಡಿಸಬಹುದೇ? ಎರಡನೆಯ ಕಿಟ್ಟಿನಲ್ಲಿ ಏನೇನು ನೋಡಿಕೊಳ್ಳಬೇಕು? ಕಿಟ್ಟಿನ ಜೊತೆ ಎಂಜಿನ್ ಬಂದಿಲ್ಲ, ಅದು ಎಲ್ಲಿ ಸಿಗುತ್ತದೆ? ರಾಕೆಟ್ಟಿನ ಒಂದು ರೆಕ್ಕೆಗೆ ಮಾತ್ರ ಕಪ್ಪು ಬಣ್ಣ ಬಳಿಯುವುದೇಕೆ ಎಂದು ಮಗಳು ಬೇರೆ ಕೇಳುತ್ತಿದ್ದಾಳೆ. (ಓದುಗರೊಬ್ಬರು, ಬ್ರಹ್ಮಾವರ)

ಉತ್ತರ: ನಿಮ್ಮ ಕೈಯಲ್ಲಿರುವ ಮೊದಲ ರಾಕೆಟ್ಟನ್ನು ಸರಿಪಡಿಸಬಹುದು. ಎಸೆಯಬೇಕಾದ ಸ್ಥಿತಿ ಅದಕ್ಕೆ ಬಂದಿಲ್ಲ. ನೀವು ಬರೆದ ತೊಂದರೆಗಳಲ್ಲಿ ಓರೆಯಾದ ರೆಕ್ಕೆ ಮತ್ತು ಮರದ ಗೆರೆಗಳನ್ನು ಬಿಟ್ಟರೆ ಉಳಿದವು ಒಂದಲ್ಲ ಒಂದು ಬಗೆಯಲ್ಲಿ ತೇವಕ್ಕೆ ಸಂಬಂಧಿಸಿದವು. ಕಿಟ್ಟಿನ ಪೆಟ್ಟಿಗೆಯಲ್ಲಿರುವ ಸೂಚನೆಗಳನ್ನು ಬರೆಯುವವರು ಒಣಹವೆಯ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಬ್ರಹ್ಮಾವರದ ಸೆಪ್ಟೆಂಬರ್ ಅವರ ಲೆಕ್ಕದಲ್ಲಿ ಇರುವುದಿಲ್ಲ. ಆದ್ದರಿಂದ ಸೂಚನೆಗಳ ಕ್ರಮವನ್ನು ಪಾಲಿಸಿ, ಆದರೆ ಅದರಲ್ಲಿ ಹೇಳಿದ ಒಣಗುವ ಸಮಯವನ್ನು ನಂಬಬೇಡಿ.

ಬಿಳಿಚಿಕೊಂಡದ್ದಕ್ಕೆ ಕಾರಣ ಹೀಗಿದೆ. ಸ್ಪ್ರೇ ಬಣ್ಣದಲ್ಲಿರುವ ಥಿನ್ನರ್ ಬಹುಬೇಗ ಆವಿಯಾಗುತ್ತದೆ, ಆವಿಯಾಗುವಾಗ ಬಣ್ಣ ಬಿದ್ದ ಮೇಲ್ಮೈಯಿಂದ ಶಾಖವನ್ನು ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ನೀರಿನ ಅಂಶ ತುಂಬಿಕೊಂಡಿರುವ ದಿನ ಮೇಲ್ಮೈ ಎರಡು ಮೂರು ಡಿಗ್ರಿ ತಣ್ಣಗಾದರೂ ಸಾಕು, ಮಜ್ಜಿಗೆ ತುಂಬಿದ ಸ್ಟೀಲು ಲೋಟದ ಹೊರಮೈ ಬೆವರುವ ಹಾಗೆ ಹಸಿ ಬಣ್ಣದ ಮೇಲೆ ಸೂಕ್ಷ್ಮವಾದ ನೀರಿನ ಹನಿಗಳು ಕೂರುತ್ತವೆ. ಬಣ್ಣ ಆ ಹನಿಗಳನ್ನು ಒಳಗೆ ಸೇರಿಸಿಕೊಂಡೇ ಗಟ್ಟಿಯಾಗುತ್ತದೆ. ಬೇಗ ಒಣಗುವ ಲ್ಯಾಕರ್ ಬಗೆಯ ಬಣ್ಣಗಳಲ್ಲಿ ಇದು ಹೆಚ್ಚು. ನಿಧಾನವಾಗಿ ಒಣಗುವ ಎನಾಮೆಲ್‌ನಲ್ಲಿ ಕಡಿಮೆಯಾದರೂ ಇಲ್ಲವೆನ್ನುವಂತಿಲ್ಲ.

ಸುಕ್ಕು ಬೇರೆ ಕಥೆ. ಮೊದಲ ಕೋಟಿನ ಮೇಲ್ಪದರ ಮಾತ್ರ ಒಣಗಿ, ಒಳಗಡೆ ಇನ್ನೂ ಮೆತ್ತಗಿರುವಾಗ ಅದರ ಮೇಲೆ ಎರಡನೆಯ ಕೋಟು ಬಿದ್ದರೆ, ಹೊಸ ಬಣ್ಣದ ಥಿನ್ನರ್ ಕೆಳಗಿನ ಪದರಕ್ಕೆ ಇಳಿದು ಅದನ್ನು ಉಬ್ಬಿಸುತ್ತದೆ. ಉಬ್ಬಿದ ಪದರಕ್ಕೆ ಹರಡಿಕೊಳ್ಳಲು ಜಾಗವಿಲ್ಲದೆ ಸುಕ್ಕುಗಟ್ಟುತ್ತದೆ. ಎನಾಮೆಲ್ ಡಬ್ಬಿಗಳ ಹಿಂದೆ ಎರಡನೆಯ ಕೋಟನ್ನು ಒಂದು ಗಂಟೆಯೊಳಗೆ ಹೊಡೆಯಿರಿ, ಇಲ್ಲವಾದರೆ ಒಂದೆರಡು ದಿನ ಬಿಟ್ಟು ಹೊಡೆಯಿರಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಒಳಪದರ ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಬೇಕಾಗುವುದರಿಂದ "ಮರುದಿನ" ಎಂಬುದು ನಮ್ಮಲ್ಲಿ ಅತ್ಯಂತ ಅಪಾಯದ ಹೊತ್ತು. ಒಂದು ಕಂಪೆನಿಯ ಎನಾಮೆಲ್ ಮೇಲೆ ಇನ್ನೊಂದು ಕಂಪೆನಿಯ ಲ್ಯಾಕರ್ ಹೊಡೆದರೂ ಇದೇ ಆಗುತ್ತದೆ. ಲ್ಯಾಕರಿನ ಮೇಲೆ ಎನಾಮೆಲ್ ಸಾಮಾನ್ಯವಾಗಿ ನಿಲ್ಲುತ್ತದೆ, ಎನಾಮೆಲ್ ಮೇಲೆ ಲ್ಯಾಕರ್ ನಿಲ್ಲುವುದಿಲ್ಲ. ಪ್ರೈಮರ್, ಬಣ್ಣ, ಮೇಲಿನ ಹೊಳಪು ಕೋಟು ಮೂರನ್ನೂ ಒಂದೇ ಕಂಪೆನಿಯ ಒಂದೇ ಸಾಲಿನಿಂದ ಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಈಗ ದುರಸ್ತಿ. ರಾಕೆಟ್ಟನ್ನು ಗಾಳಿಯಾಡುವ ಒಣ ಜಾಗದಲ್ಲಿ ಎರಡು ವಾರ ಸುಮ್ಮನೆ ಇಡಿ. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು, ಮೂಗಿಗೆ ಹಿಡಿದರೆ ಬಣ್ಣದ ವಾಸನೆ ಬರಬಾರದು. ಆಮೇಲೆ 320 ನಂಬರಿನ ಸ್ಯಾಂಡ್‌ಪೇಪರನ್ನು ಸಣ್ಣ ಮರದ ತುಂಡಿಗೆ ಸುತ್ತಿಕೊಂಡು ಸುಕ್ಕಿನ ಏಣುಗಳನ್ನು ಸಮತಟ್ಟಾಗುವವರೆಗೆ ಉಜ್ಜಿ, ಅನಂತರ 400ರಲ್ಲಿ ಇಡೀ ಮೈಯನ್ನು ಮಂಕಾಗಿಸಿ, ಮುಂದೆ ಹೇಳುವಂತೆ ಹೊಸದಾಗಿ ಬಣ್ಣ ಹೊಡೆಯಿರಿ. ಕಾರಿಗೆ ಬಣ್ಣ ಹೊಡೆಯುವವರು ನೀರು ಹಾಕಿ ಉಜ್ಜುತ್ತಾರೆಂದು ನೀವೂ ಹಾಗೆ ಮಾಡಬೇಡಿ. ರಾಕೆಟ್ಟಿನ ಕೊಳವೆ ರಟ್ಟಿನದು, ಬಣ್ಣ ಕಿತ್ತುಹೋದ ಒಂದು ಚುಕ್ಕೆಯಲ್ಲಿ ನೀರು ಒಳಸೇರಿದರೂ ಅಲ್ಲಿ ಉಬ್ಬಿಕೊಳ್ಳುತ್ತದೆ. ಹಳೆಯ ಬಣ್ಣವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ ತೆಗೆಯುವ ಯೋಚನೆಯನ್ನೂ ಬಿಡಿ. ಥಿನ್ನರ್ ತಾಗಿದರೆ ಪ್ಲಾಸ್ಟಿಕ್ಕಿನ ಮೂತಿ ಕರಗಿ ಅಂಟಂಟಾಗುವ ಸಂಭವವಿದೆ.

ಓರೆಯಾದ ರೆಕ್ಕೆಯ ಬಗ್ಗೆ: ಹಿಂಭಾಗದಿಂದ ಕೊಳವೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ರೆಕ್ಕೆ ನಿಂತಿರುವ ಕೋನ ಮಾತ್ರ ತಪ್ಪಿದ್ದು, ಬುಡದ ಗೆರೆ ಕೊಳವೆಗೆ ಸಮಾನಾಂತರವಾಗಿಯೇ ಇದ್ದರೆ, ನೋಟಕ್ಕೆ ಕೆಟ್ಟದಾದರೂ ಹಾರಾಟಕ್ಕೆ ದೊಡ್ಡ ತೊಂದರೆಯಿಲ್ಲ. ಬುಡದ ಗೆರೆಯೇ ಅಡ್ಡವಾಗಿದ್ದರೆ ಹಾಗಲ್ಲ. ಆ ಒಂದು ರೆಕ್ಕೆ ಚುಕ್ಕಾಣಿಯಾಗಿ ಕೆಲಸ ಮಾಡಿ ರಾಕೆಟ್ಟನ್ನು ತಿರುಗಿಸುತ್ತದೆ, ದಾರಿಯನ್ನೂ ತಪ್ಪಿಸುತ್ತದೆ. ಅಂಥದ್ದನ್ನು ಹೊಸ ಬ್ಲೇಡಿನಿಂದ ಬುಡದಲ್ಲಿಯೇ ಕೊಯ್ದು ಬಿಡಿಸಿ, ಹಳೆಯ ಅಂಟನ್ನು ಉಜ್ಜಿ ತೆಗೆದು ಮತ್ತೆ ಅಂಟಿಸುವುದೇ ಸರಿ. ಬಿಸಿನೀರಿನಿಂದ ಮೆತ್ತಗೆ ಮಾಡಿ ಬಗ್ಗಿಸಲು ನೋಡಿದರೆ ರೆಕ್ಕೆಗಿಂತ ಮೊದಲು ಕೊಳವೆ ಹಾಳಾಗುತ್ತದೆ.

ಎರಡನೆಯ ಕಿಟ್ಟಿಗೆ ಬರೋಣ. ಇಂಥ ಕಿಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಸುರುಳಿ ಸುತ್ತಿ ಮಾಡಿದ ರಟ್ಟಿನ ಕೊಳವೆ, ಪ್ಲಾಸ್ಟಿಕ್ ಅಥವಾ ಬಾಲ್ಸಾ ಎಂಬ ತೀರ ಹಗುರ ಮರದ ಮೂತಿ, ಬಾಲ್ಸಾ ಹಲಗೆಯಲ್ಲಿ ಕತ್ತರಿಸಿದ ಮೂರೋ ನಾಲ್ಕೋ ರೆಕ್ಕೆ, ಎಂಜಿನ್ ಕೂರುವ ಒಳಕೊಳವೆ ಮತ್ತು ಅದರ ರಟ್ಟಿನ ಉಂಗುರಗಳು, ಉಡಾವಣೆಯ ಕಂಬಿಗೆ ತೂರಿಸುವ ಪುಟ್ಟ ನಳಿಗೆ, ಎಲಾಸ್ಟಿಕ್ ದಾರ, ತೆಳು ಪ್ಲಾಸ್ಟಿಕ್ಕಿನ ಪ್ಯಾರಾಚೂಟು. ಎಲ್ಲ ಸೇರಿದರೂ ಸುಮಾರು 30 ಗ್ರಾಂ ತೂಗುವ ವಸ್ತು ಇದು. ಆ ತೂಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಬಣ್ಣದ ಲೆಕ್ಕಕ್ಕೆ ಬೇಕಾಗುತ್ತದೆ.

ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ರಟ್ಟು ಮತ್ತು ಬಾಲ್ಸಾಕ್ಕೆ ಫೆವಿಕಾಲ್‌ನಂತಹ ಬಿಳಿ ಅಂಟಿಗಿಂತ ಉತ್ತಮವಾದುದು ಬೇಕಿಲ್ಲ. ಫೆವಿಕ್ವಿಕ್ ಬಗೆಯ ಕ್ಷಣದ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವ ವಸ್ತುವಾದ್ದರಿಂದ ನಮ್ಮ ಊರಿನಲ್ಲಿ ಮಿತಿಮೀರಿ ಬೇಗ ಹಿಡಿಯುತ್ತದೆ, ರೆಕ್ಕೆಯನ್ನು ನೇರ ಮಾಡಿಕೊಳ್ಳಲು ಸಮಯ ಕೊಡುವುದಿಲ್ಲ, ಗಟ್ಟಿಯಾದ ಮೇಲೆ ಪೆಡಸಾಗಿ ಸಣ್ಣ ಪೆಟ್ಟಿಗೂ ಬಿಟ್ಟುಕೊಳ್ಳುತ್ತದೆ. ಬಿಳಿ ಅಂಟಿನಲ್ಲಿರುವ ಒಂದೇ ಅಪಾಯವೆಂದರೆ ಎಂಜಿನ್ನಿನ ಒಳಕೊಳವೆಯನ್ನು ಕೂರಿಸುವಾಗಿನದು. ಅಂಟಿನ ನೀರನ್ನು ರಟ್ಟು ತಕ್ಷಣ ಹೀರಿ ಉಬ್ಬುತ್ತದೆ, ಉಂಗುರ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಂತುಬಿಡುತ್ತದೆ, ಆಮೇಲೆ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಉದ್ದ ಕಡ್ಡಿಯ ತುದಿಯಲ್ಲಿ ಅಂಟು ತೆಗೆದುಕೊಂಡು, ಉಂಗುರ ಕೊನೆಗೆ ನಿಲ್ಲಬೇಕಾದ ಜಾಗದಲ್ಲಿ ಮಾತ್ರ ಕೊಳವೆಯ ಒಳಮೈಗೆ ಬಳಿಯಿರಿ. ಎಷ್ಟು ಒಳಗೆ ಹೋಗಬೇಕೆಂದು ಮೊದಲೇ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು, ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ತಳ್ಳಿ. ಕೈ ನಡುಗುವವರು ಈ ಒಂದು ಜೋಡಣೆಗೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಬಳಸಬಹುದು.

ರೆಕ್ಕೆಗಳನ್ನು ಹಲಗೆಯಿಂದ ಬಿಡಿಸಿದ ಮೇಲೆ ಮರದ ಗೆರೆಗಳು ರೆಕ್ಕೆಯ ಮುಂದಿನ ಅಂಚಿಗೆ ಸಮಾನಾಂತರವಾಗಿವೆಯೇ ನೋಡಿ. ಕಾರ್ಖಾನೆಯಲ್ಲಿ ಕತ್ತರಿಸಿದ ಕಿಟ್ಟುಗಳಲ್ಲಿ ಇದು ಸರಿಯಾಗಿಯೇ ಇರುತ್ತದೆ. ಆದರೆ ಮುರಿದ ರೆಕ್ಕೆಗೆ ಬದಲಿಯನ್ನು ನೀವೇ ಕತ್ತರಿಸುವಾಗ ಮರೆತರೆ ಅದು ಬುಡದಲ್ಲಿ ಗೆರೆಗುಂಟ ಮುರಿಯುತ್ತದೆ. ಬದಲಿಗೆ ಊರಿನ ಮರ ಆಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ಕೊಡುವ ಪಾಲೆ ಮರದ ಹಲಗೆ ನಮ್ಮಲ್ಲಿ ಸಿಗುವ ಹಗುರ ಮರಗಳಲ್ಲೊಂದು, ಕೆತ್ತಲೂ ಮೆದು. ಆದರೂ ಅದು ಬಾಲ್ಸಾಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಭಾರ, ಆ ಭಾರವೆಲ್ಲ ಬಾಲದಲ್ಲಿ ಬೀಳುತ್ತದೆ. ಬಾಲ್ಸಾ ಹಾಳೆಗಳನ್ನೇ ತರಿಸಿಕೊಳ್ಳಿ.

ಎಲ್ಲ ರೆಕ್ಕೆಗಳನ್ನು ಒಟ್ಟಿಗೆ ಜೋಡಿಸಿ ಹಿಡಿದು ಅಂಚುಗಳನ್ನು ಉಜ್ಜಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ಮುಂದಿನ ಅಂಚನ್ನು ಗುಂಡಗೆ ಮಾಡಿ, ಹಿಂದಿನದನ್ನು ತೆಳ್ಳಗೆ ಮಾಡಿ, ಕೊಳವೆಗೆ ಅಂಟುವ ಬುಡವನ್ನು ಮಾತ್ರ ಚಪ್ಪಟೆಯಾಗಿಯೇ ಬಿಡಿ. ಕೊಳವೆಯ ಮೇಲೆ ಗೆರೆ ಎಳೆಯಲು ಅದನ್ನು ಬಾಗಿಲ ಚೌಕಟ್ಟಿನ ಒಳಮೂಲೆಗೆ ಒತ್ತಿ ಹಿಡಿದು, ಚೌಕಟ್ಟಿನ ಅಂಚಿಗೆ ಪೆನ್ಸಿಲನ್ನು ಆನಿಸಿ ಎಳೆದರೆ ಗೆರೆ ತಾನಾಗಿಯೇ ನೇರ ಬರುತ್ತದೆ. ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಎಲ್ ಪಟ್ಟಿಯ ತುಂಡೊಂದಿದ್ದರೆ ಇನ್ನೂ ಅನುಕೂಲ. ಗೆರೆ ಬಿದ್ದ ಜಾಗದಲ್ಲಿ ಕೊಳವೆಯ ನುಣುಪು ಕಾಗದವನ್ನು ಸ್ಯಾಂಡ್‌ಪೇಪರಿನಿಂದ ಲಘುವಾಗಿ ಕೆರೆಯದೆ ಅಂಟು ಹಾಕಬೇಡಿ, ನುಣುಪಿನ ಮೇಲೆ ಅಂಟು ಹಿಡಿಯುವುದಿಲ್ಲ.

ಇಲ್ಲಿ ಎರಡು ಸಲ ಅಂಟಿಸುವ ಕ್ರಮವನ್ನು ಮಗಳಿಗೆ ಕಲಿಸಿ. ರೆಕ್ಕೆಯ ಬುಡಕ್ಕೂ ಕೊಳವೆಯ ಗೆರೆಗೂ ತೆಳ್ಳಗೆ ಅಂಟು ಸವರಿ, ಒಮ್ಮೆ ಒತ್ತಿ ತೆಗೆದು, ಎರಡನ್ನೂ ಬೇರೆ ಬೇರೆಯಾಗಿಯೇ ಒಣಗಲು ಬಿಡಬೇಕು. ಆ ಅಂಟು ಮರದ ರಂಧ್ರಗಳಿಗೂ ಕಾಗದದ ನಾರಿಗೂ ಇಳಿದಿರುತ್ತದೆ. ಅನಂತರ ಬುಡಕ್ಕೆ ಮಾತ್ರ ಮತ್ತೊಂದು ತೆಳುಗೆರೆ ಅಂಟು ಹಾಕಿ ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ಕೈ ಬಿಡುವಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ನಿಮ್ಮ ರೆಕ್ಕೆ ಓರೆಯಾದದ್ದು ಬಹುಮಟ್ಟಿಗೆ ಒಮ್ಮೆಗೇ ಹೆಚ್ಚು ಅಂಟು ಹಾಕಿ ಅದು ಒಣಗುವಾಗ ನಿಧಾನವಾಗಿ ಜಾರಿದ್ದರಿಂದ. ಮೂರು ರೆಕ್ಕೆಗಳೂ ನಿಂತ ಮೇಲೆ ಕೊಳವೆಯನ್ನು ಅಡ್ಡ ಮಲಗಿಸಿ, ರೆಕ್ಕೆ ಕೊಳವೆಗೆ ಸೇರುವ ಮೂಲೆಯುದ್ದಕ್ಕೂ ಅಂಟಿನ ಗೆರೆ ಬಿಟ್ಟು, ಒದ್ದೆ ಬೆರಳನ್ನು ಒಮ್ಮೆ ಮಾತ್ರ ಎಳೆದು ಒಳಬಾಗಿದ ಅಂಚು ಮಾಡಿ. ಇದರಿಂದ ಬಲವೂ ಬರುತ್ತದೆ, ಬಣ್ಣ ಹೊಡೆದಾಗ ರೆಕ್ಕೆ ಕೊಳವೆಯಿಂದಲೇ ಬೆಳೆದಂತೆ ಕಾಣುತ್ತದೆ. ದಪ್ಪವಾಗಿ ಹಾಕಿದರೆ ಒಣಗುವಾಗ ಗುಳ್ಳೆ ಬಿದ್ದು ತೂತಾಗುವುದರಿಂದ ತೆಳ್ಳಗೆ ಎರಡು ಸಲ ಹಾಕುವುದು ಲೇಸು. ಮಳೆಗಾಲವಾದರೆ ಒಂದೊಂದಕ್ಕೂ ಒಂದು ಹಗಲು ಒಂದು ರಾತ್ರಿ ಕೊಡಿ.

ಮರದ ಗೆರೆ ಕಾಣುವುದಕ್ಕೆ ಬಣ್ಣ ಹೊಣೆಯಲ್ಲ. ಬಾಲ್ಸಾ ಎಂಬುದು ಬಹುಪಾಲು ಖಾಲಿ ಕೋಶಗಳೇ ತುಂಬಿದ ಮರ, ಎಷ್ಟು ಬಣ್ಣ ಹೊಡೆದರೂ ಹೀರಿಕೊಂಡು ಗೆರೆಯನ್ನು ಹಾಗೆಯೇ ಉಳಿಸುತ್ತದೆ. ಬಣ್ಣಕ್ಕೆ ಮೊದಲು ಅದರ ರಂಧ್ರಗಳನ್ನು ತುಂಬಬೇಕು. ಬಡಗಿಗಳು ಪಾಲಿಶ್‌ಗೆ ಮೊದಲು ಬಳಿಯುವ ಸ್ಯಾಂಡಿಂಗ್ ಸೀಲರ್ ಇದಕ್ಕೆ ಹೇಳಿಮಾಡಿಸಿದ್ದು, ಸಣ್ಣ ಡಬ್ಬಿಯೇ ಹತ್ತಾರು ರಾಕೆಟ್ಟಿಗೆ ಸಾಕು. ರೆಕ್ಕೆಗೆ ಒಂದು ಕೋಟು ಬಳಿದು, ಒಣಗಿದ ಮೇಲೆ ಮುಟ್ಟಿ ನೋಡಿ: ಮೈ ಬೆಕ್ಕಿನ ನಾಲಿಗೆಯಷ್ಟು ಒರಟಾಗಿರುತ್ತದೆ, ಏಕೆಂದರೆ ಮರದ ನಾರುಗಳು ಎದ್ದು ನಿಂತು ಹಾಗೆಯೇ ಗಟ್ಟಿಯಾಗಿರುತ್ತವೆ. 320ರಲ್ಲಿ ಉಜ್ಜಿದರೆ ಬಿಳಿ ಪುಡಿ ಉದುರಿ ನುಣುಪಾಗುತ್ತದೆ. ಎರಡನೆಯ ಕೋಟಿಗೆ ಒರಟು ಕಡಿಮೆ, ಮೂರನೆಯದಕ್ಕೆ ಇನ್ನೂ ಕಡಿಮೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಗೆರೆಗಳ ನಡುವಿನ ತಗ್ಗು ಕಾಣದಿದ್ದರೆ ಮುಗಿಯಿತು, ಸಾಮಾನ್ಯವಾಗಿ ಮೂರು ನಾಲ್ಕು ಕೋಟು ಬೇಕು. ಎರಡೂ ಬದಿಗೆ ಒಂದೇ ಹೊತ್ತಿನಲ್ಲಿ ಬಳಿಯದಿದ್ದರೆ ಒಂದು ಬದಿ ಎಳೆದುಕೊಂಡು ರೆಕ್ಕೆ ಬಾಗುತ್ತದೆ. ಸೀಲರಿನ ವಾಸನೆ ತೀಕ್ಷ್ಣವಾದ್ದರಿಂದ ಚಾವಡಿಯಲ್ಲಿ, ಬೆಂಕಿಯಿಂದ ದೂರ ಕುಳಿತು ಮಾಡಬೇಕಾದ ಕೆಲಸ ಇದು. ಕೊಳವೆಯ ಮೇಲಿನ ಸುರುಳಿ ಗೀರಿಗೆ, ಮರಕ್ಕೆ ತುಂಬುವ ಪುಟ್ಟಿಯನ್ನು ತೆಳ್ಳಗೆ ಮಾಡಿಕೊಂಡು ಗೀರಿನಲ್ಲಿ ಮಾತ್ರ ತುಂಬಿ. ಗೋಡೆಯ ಪುಟ್ಟಿ ಮನೆಯಲ್ಲಿದೆಯೆಂದು ಅದನ್ನು ಬಳಸಬೇಡಿ.

ಪ್ಲಾಸ್ಟಿಕ್ ಮೂತಿಯಾದರೆ ಅಚ್ಚಿನ ಎರಡು ಅರ್ಧಗಳು ಕೂಡಿದ ಏಣನ್ನು ಚಾಕುವಿನ ಬೆನ್ನಿನಿಂದ ಕೆರೆದು, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದರೆ ಬಣ್ಣ ಸಿಪ್ಪೆಯಾಗಿ ಎದ್ದುಬರುತ್ತದೆ. ಮೂತಿ ಕೊಳವೆಯೊಳಗೆ ಕೂರುವ ಭಾಗಕ್ಕೆ ಮಾಸ್ಕಿಂಗ್ ಟೇಪ್ ಸುತ್ತಿ, ಅಲ್ಲಿಗೆ ಬಣ್ಣ ತಾಗಿಸಲೇಬೇಡಿ. ಮೂತಿ ಹಿಡಿದು ಎತ್ತಿದರೆ ರಾಕೆಟ್ ಜೊತೆಗೆ ಬರಬೇಕು, ಒಮ್ಮೆ ಕೊಡವಿದರೆ ಕಳಚಿಕೊಳ್ಳಬೇಕು. ಬಿಗಿಯಾದರೆ ಪ್ಯಾರಾಚೂಟು ಹೊರಬರುವುದಿಲ್ಲ. ಬಾಲ್ಸಾ ಮೂತಿಯಾದರೆ ಡಿಸೆಂಬರಿನಲ್ಲಿ ಸಡಿಲವಾಗಿದ್ದದ್ದು ಜುಲೈಯಲ್ಲಿ ಉಬ್ಬಿ ಬಿಗಿಯಾಗುತ್ತದೆ, ಹಾಗಾಗಿ ಪ್ರತಿ ಸಲ ಹಾರಿಸುವ ಮೊದಲು ಪರೀಕ್ಷಿಸಬೇಕು.

ಬಣ್ಣ ಹೊಡೆಯುವ ದಿನವನ್ನು ನೀವು ಆರಿಸಿಕೊಳ್ಳಬೇಕು. ಉಡುಪಿ, ಮಂಗಳೂರಿನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಮೂಡಣ ಗಾಳಿ ಬೀಸುವ ದಿನಗಳೇ ಸ್ಪ್ರೇ ಕೆಲಸಕ್ಕೆ ಒಳ್ಳೆಯವು. ಆಗಲೂ ಬೆಳಗಿನ ಮಂಜು ಆರುವ ಮೊದಲು ಬೇಡ, ಮಧ್ಯಾಹ್ನ ಕಡಲ ಗಾಳಿ ತಿರುಗಿದ ಮೇಲೂ ಬೇಡ. ಹತ್ತರಿಂದ ಹನ್ನೆರಡು ಗಂಟೆಯ ನಡುವೆ ಮುಗಿಸಿಕೊಳ್ಳಿ. ಗಾಳಿಯ ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಕೊಂಡರೆ ಅದು ಬಣ್ಣದ ಡಬ್ಬಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶೇಕಡಾ 70ರ ಮೇಲೆ ತೋರಿಸಿದರೆ ಡಬ್ಬಿಯನ್ನು ಮುಟ್ಟದಿರುವುದು ನನ್ನ ನಿಯಮ. ಮಲ್ಪೆ, ಕಾಪು, ಸುರತ್ಕಲ್‌ನಂತೆ ಕಡಲಿಗೆ ಹತ್ತಿರದ ಮನೆಗಳಲ್ಲಿ ಎರಡು ಕೋಟುಗಳ ನಡುವೆ ಉಪ್ಪಿನ ಅಂಶವೂ ಮೈಮೇಲೆ ಕೂರುತ್ತದೆ. ಪೂರ್ತಿ ಒಣಗಿದ ಕೋಟಿನ ಮೇಲೆ ಮುಂದಿನದನ್ನು ಹೊಡೆಯುವ ಮೊದಲು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿ.

ಎ.ಸಿ. ಕೋಣೆಯಲ್ಲಿ ಇಟ್ಟರೆ ಒಣಗುತ್ತದಲ್ಲ ಎಂದು ನೀವು ಕೇಳಬಹುದು. ಬಣ್ಣ ಹೊಡೆಯುವ ಮುಂಚೆ ರಟ್ಟು, ಮರಗಳ ತೇವ ಇಳಿಸಲು ಅದು ನಿಜಕ್ಕೂ ಒಳ್ಳೆಯ ಜಾಗ. ಆದರೆ ಅಲ್ಲಿಂದ ತಣ್ಣಗಿನ ರಾಕೆಟ್ಟನ್ನು ನೇರ ಹೊರಗೆ ತಂದು ಬಣ್ಣ ಹೊಡೆದರೆ ಕೆಡುತ್ತದೆ. ಅದರ ಮೈ ಹೊರಗಿನ ಗಾಳಿಗಿಂತ ತಣ್ಣಗಿರುವುದರಿಂದ ಬಣ್ಣ ಬೀಳುವ ಮೊದಲೇ ಕಣ್ಣಿಗೆ ಕಾಣದ ನೀರು ಅದರ ಮೇಲೆ ಕುಳಿತಿರುತ್ತದೆ. ಹೊರಗೆ ತಂದು ಅರ್ಧ ಗಂಟೆ ಬಿಟ್ಟು, ಮೈ ಬೆಚ್ಚಗಾದ ಮೇಲೆ ಹೊಡೆಯಿರಿ. ಎ.ಸಿ. ಕೋಣೆಯೊಳಗೆ ಸ್ಪ್ರೇ ಹೊಡೆಯುವ ಮಾತಂತೂ ಬೇಡ, ಆ ಆವಿ ಉಸಿರಿಗೂ ಕೆಟ್ಟದ್ದು, ಬೆಂಕಿಗೂ ಸಿಕ್ಕುವಂಥದ್ದು. ಅದೇ ಕಾರಣಕ್ಕೆ, ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ ಹಸಿ ಬಣ್ಣ ಒಣಗಿಸುವ ಉಪಾಯವನ್ನೂ ಮಾಡಬೇಡಿ.

ಹೊಡೆಯುವ ರೀತಿ ನಿಮಗೆ ಗೊತ್ತಿರಬಹುದು, ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಪತ್ರಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಎಂಜಿನ್ ಕೊಳವೆಗೆ ಸಿಕ್ಕಿಸಿದರೆ ಹಿಡಿ ಆಯಿತು. ಡಬ್ಬಿಯನ್ನು ಎರಡು ನಿಮಿಷ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಲ್ಲಿ ಹಿಡಿದು, ರಾಕೆಟ್ಟಿನ ಹೊರಗೆ ಶುರುಮಾಡಿ ಅದನ್ನು ದಾಟಿಹೋದ ಮೇಲೆ ನಿಲ್ಲಿಸಿ. ಮೊದಲ ಕೋಟಿನಲ್ಲಿ ಕೆಳಗಿನದು ಪೂರ್ತಿ ಮುಚ್ಚಬಾರದು, ಮಬ್ಬಾಗಿ ಕಾಣಬೇಕು. ಹತ್ತು ನಿಮಿಷದ ಅಂತರದಲ್ಲಿ ಮೂರು ತೆಳು ಕೋಟು ಹೊಡೆದು ಅಲ್ಲಿಗೆ ಬಿಡಿ. ಬೂದು ಪ್ರೈಮರ್ ಮೊದಲು. ಅದು ಉಳಿದ ಗೀರು, ಗುಂಡಿಗಳನ್ನೆಲ್ಲ ತೋರಿಸಿಕೊಡುತ್ತದೆ, ಅವನ್ನು ತುಂಬಿ 400ರಲ್ಲಿ ಉಜ್ಜಿದ ಮೇಲೆಯೇ ಬಿಳಿ, ಆಮೇಲೆ ಬೇಕಾದ ಬಣ್ಣ. ಮಳೆಗಾಲದಲ್ಲಿಯೇ ಮುಗಿಸಬೇಕೆಂಬ ಹಟ ಮಗಳಿಗಿದ್ದರೆ ಸ್ಪ್ರೇ ಬಿಟ್ಟು, ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಮೆದು ಕುಂಚದಲ್ಲಿ ತೆಳ್ಳಗೆ ಬಳಿಯಲಿ. ಹೊಳಪು ಕಡಿಮೆ, ಆದರೆ ಬಿಳಿಚುವುದಿಲ್ಲ.

ಬಣ್ಣದ ತೂಕದ ಮಾತು ಬಾಕಿಯಿದೆ. ಬಣ್ಣಕ್ಕೆ ಮೊದಲು ಮತ್ತು ಅನಂತರ ರಾಕೆಟ್ಟನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 30 ಗ್ರಾಂ ರಾಕೆಟ್ಟಿಗೆ ಸೀಲರ್, ಪುಟ್ಟಿ, ಬಣ್ಣ ಸೇರಿ 6 ಗ್ರಾಂ ಏರಿದರೆ ಐದನೆಯ ಒಂದು ಪಾಲು ತೂಕ ಹೆಚ್ಚಿದಂತೆ. ರೆಕ್ಕೆಗಳ ಮೇಲ್ಮೈ ವಿಸ್ತಾರವಾದ್ದರಿಂದ ಅದರಲ್ಲಿ ದೊಡ್ಡ ಪಾಲು ಬಾಲದಲ್ಲಿ ಸೇರುತ್ತದೆ, ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ರಾಕೆಟ್ ನೇರ ಹಾರಬೇಕಾದರೆ ಗುರುತ್ವ ಕೇಂದ್ರವು, ಗಾಳಿಯ ಒತ್ತಡವೆಲ್ಲ ಸೇರಿ ಕೆಲಸಮಾಡುವ ಒತ್ತಡ ಕೇಂದ್ರಕ್ಕಿಂತ ಕೊಳವೆಯ ಒಂದು ವ್ಯಾಸದಷ್ಟಾದರೂ ಮುಂದೆ ಇರಬೇಕು. ಲೆಕ್ಕ ಹಾಕಲು ಬಾರದಿದ್ದರೂ ಪರೀಕ್ಷಿಸಬಹುದು: ಎಂಜಿನ್ನಿನ ಜಾಗದಲ್ಲಿ ಅಷ್ಟೇ ತೂಕದ ತುಂಡು ಇಟ್ಟು, ರಾಕೆಟ್ ಅಡ್ಡವಾಗಿ ಸಮತೂಗುವ ಬಿಂದುವಿಗೆ ಎರಡು ಮೂರು ಮೀಟರ್ ದಾರ ಕಟ್ಟಿ, ದಾರ ಜಾರದಂತೆ ಟೇಪ್ ಹಾಕಿ, ಅಂಗಳದಲ್ಲಿ ತಲೆಯ ಮೇಲೆ ಸುತ್ತ ಬೀಸಿ. ಮೂತಿ ಮುಂದಾಗಿ ಸಾಗಿದರೆ ಸರಿ, ಬಾಲ ಮುಂದಾಗಿ ಬಂದರೆ ಅಥವಾ ಪಲ್ಟಿ ಹೊಡೆದರೆ ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ತುಂಬಿ ಮತ್ತೆ ನೋಡಿ.

ಇನ್ನು ಎಂಜಿನ್. ಪೆಟ್ಟಿಗೆಯ ಮೇಲೆ ಎ8-3 ಎಂಬಂತಹ ಗುರುತು ಇರುತ್ತದೆ. ಅಕ್ಷರವು ಎಂಜಿನ್ ಕೊಡುವ ಒಟ್ಟು ತಳ್ಳುಶಕ್ತಿಯ ದರ್ಜೆ. ಎ ಎಂದರೆ 1.26ರಿಂದ 2.50 ನ್ಯೂಟನ್ ಸೆಕೆಂಡ್, ಮುಂದಿನ ಪ್ರತಿ ಅಕ್ಷರಕ್ಕೂ ಮಿತಿ ಇಮ್ಮಡಿಯಾಗುತ್ತದೆ. 8 ಎಂಬುದು ಸರಾಸರಿ ತಳ್ಳುವ ಬಲ ನ್ಯೂಟನ್ನುಗಳಲ್ಲಿ, 3 ಎಂಬುದು ಉರಿ ಮುಗಿದ ಮೇಲೆ ಪ್ಯಾರಾಚೂಟನ್ನು ಹೊರತಳ್ಳುವವರೆಗಿನ ಸೆಕೆಂಡುಗಳು. ಒಳಗೆ ಇರುವುದು ಒತ್ತಿ ಗಟ್ಟಿಮಾಡಿದ ಕಪ್ಪು ಮದ್ದು. ಆದ್ದರಿಂದ ನಮ್ಮ ದೇಶದಲ್ಲಿ ಅದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ತರಿಸಲು ಪರವಾನಗಿ ಬೇಕು, ವಿಮಾನದ ಸಾಮಾನಿನಲ್ಲಿ ತರುವುದು ನಿಷಿದ್ಧ. ನಿಮ್ಮ ಭಾವ ಕಿಟ್ ಮಾತ್ರ ತಂದು ಎಂಜಿನ್ ಬಿಟ್ಟುಬಂದದ್ದು ಸರಿಯಾಗಿಯೇ ಇದೆ. ಮುಂದಿನ ಸಲವೂ ತರಲು ಹೇಳಬೇಡಿ.

ದೀಪಾವಳಿಯ ಪಟಾಕಿ ಬಿಚ್ಚಿ ಮದ್ದು ತುಂಬಿಸುವ, ಮನೆಯಲ್ಲೇ ಇಂಧನ ಕಲಸುವ ದೃಶ್ಯಗಳನ್ನು ಮಕ್ಕಳು ಫೋನಿನಲ್ಲಿ ನೋಡಿರುತ್ತಾರೆ. ಈ ಹವ್ಯಾಸ ಹುಟ್ಟಿದ್ದೇ ಅದನ್ನು ತಪ್ಪಿಸಲು. ಅಮೆರಿಕದ ನೆಬ್ರಾಸ್ಕಾದಲ್ಲಿ ಚಪ್ಪಲಿ ಅಂಗಡಿ ನಡೆಸುತ್ತಿದ್ದ, ಪಟಾಕಿಯ ವಿದ್ಯೆ ಬಲ್ಲ ಆರ್ವಿಲ್ ಕಾರ್ಲೈಲ್ 1954ರಲ್ಲಿ ಕಾಗದದ ಕೊಳವೆಯ, ಬದಲಿಸಬಹುದಾದ ಎಂಜಿನ್ನಿನ ರಾಕೆಟ್ ಮಾಡಿದ್ದರು. ಮಕ್ಕಳು ತಾವೇ ಮದ್ದು ಬೆರೆಸಿ ಗಾಯಗೊಳ್ಳುತ್ತಿರುವುದರ ಬಗ್ಗೆ ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್ 1957ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನವನ್ನು ಓದಿ, ಕಾರ್ಲೈಲ್ ತಮ್ಮ ಮಾದರಿಗಳನ್ನು ಸ್ಟೈನ್‌ಗೆ ಕಳುಹಿಸಿದರು. ಮದ್ದಿನ ಕೆಲಸ ಕಾರ್ಖಾನೆಗೆ, ಜೋಡಿಸುವ ಕೆಲಸ ಮಕ್ಕಳಿಗೆ ಎಂಬ ಹಂಚಿಕೆ ಬಂದದ್ದು ಹೀಗೆ. ಕಾನೂನುಬದ್ಧವಾಗಿ ನಿಜವಾದ ಎಂಜಿನ್ನಿನ ಕೆಲಸ ನೋಡಬೇಕೆಂದರೆ ನಿಮಗೆ ಹತ್ತಿರದಲ್ಲಿ ಮಣಿಪಾಲದ ಎಂ.ಐ.ಟಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ರಾಕೆಟ್ ತಂಡವಿದೆ, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾಗವಹಿಸಿದ ತಂಡ ಅದು. ಮಗಳು ಒಂದು ಪತ್ರ ಬರೆದು ವಿಚಾರಿಸಲಿ.

ಅಲ್ಲಿಯವರೆಗೆ ಈ ಕಿಟ್ಟಿನ ಪ್ಯಾರಾಚೂಟನ್ನು ಮಹಡಿಯಿಂದ ಬಿಟ್ಟು ಪರೀಕ್ಷಿಸಬಹುದು. ನಮ್ಮ ಹವೆಯಲ್ಲಿ ಮಡಿಸಿದ ಪ್ಲಾಸ್ಟಿಕ್ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಟಾಲ್ಕಂ ಪೌಡರ್ ಉದುರಿಸಿ ಮಡಿಸಿ. ಹಾರಿಸುವ ಆಸೆಗೆ ಕಾಗದದ ರಾಕೆಟ್ ಮಾಡಿ: ಅರ್ಧ ಇಂಚಿನ ಪಿ.ವಿ.ಸಿ. ಪೈಪಿಗೆ ಕಾಗದ ಸುತ್ತಿ ಕೊಳವೆ ಮಾಡಿ, ತುದಿಯನ್ನು ಮುಚ್ಚಿ, ರೆಕ್ಕೆ ಅಂಟಿಸಿ, ಪೈಪಿನ ಇನ್ನೊಂದು ಕೊನೆಗೆ ಎರಡು ಲೀಟರಿನ ಸೋಡಾ ಬಾಟಲಿ ಸಿಕ್ಕಿಸಿ ಕಾಲಿನಿಂದ ತುಳಿದರೆ ತೆಂಗಿನ ಮರದೆತ್ತರಕ್ಕೆ ಹೋಗುತ್ತದೆ. ರಾಕೆಟ್ ಹಾರಿಹೋಗುವ ಪೈಪಿನ ತುದಿಯ ಮೇಲೆ ಯಾರೂ ಬಗ್ಗಿ ನೋಡಬಾರದೆಂಬುದೊಂದೇ ಕಟ್ಟುನಿಟ್ಟು. ರೆಕ್ಕೆಯನ್ನು ಬೇಕೆಂದೇ ಓರೆ ಮಾಡಿ, ಮೂತಿಗೆ ಭಾರ ಹಾಕಿ, ತೆಗೆದು, ಮೇಲೆ ಹೇಳಿದ್ದನ್ನೆಲ್ಲ ಅವಳೇ ಕಂಡುಕೊಳ್ಳಬಹುದು. ಬೆಳಿಗ್ಗೆ ಗಾಳಿ ಶಾಂತವಾಗಿರುವಾಗ, ಕೊಯ್ಲಾದ ಗದ್ದೆಯಲ್ಲಿ, ವಿದ್ಯುತ್ ತಂತಿಗಳಿಂದ ದೂರ ಹಾರಿಸಿ.

ಕಪ್ಪು ರೆಕ್ಕೆಯ ಪ್ರಶ್ನೆಗೆ ಉತ್ತರ ಸರಳ. ರಾಕೆಟ್ ಏರುವಾಗ ತನ್ನ ಸುತ್ತ ತಾನು ತಿರುಗುತ್ತಿದೆಯೇ ಎಂದು ಕೆಳಗಿನಿಂದ ತಿಳಿಯಲು ಒಂದು ಗುರುತು ಬೇಕು. 1942ರಲ್ಲಿ ಪೀನೆಮ್ಯುಂಡೆ ಎಂಬ ಪರೀಕ್ಷಾ ನೆಲೆಯಲ್ಲಿ ಹಾರಿಸಿದ ಜರ್ಮನಿಯ ವಿ-2 ಪರೀಕ್ಷಾ ರಾಕೆಟ್ಟುಗಳಿಗೆ ಕಪ್ಪು ಬಿಳುಪಿನ ಚೌಕಳಿ ಬಳಿದಿದ್ದೂ ಚಿತ್ರೀಕರಣದಲ್ಲಿ ಆ ತಿರುಗುವಿಕೆಯನ್ನು ಎಣಿಸಲೆಂದೇ. ನಿಮ್ಮ ಎರಡನೆಯ ಕಿಟ್ಟಿಗೆ ನನ್ನ ಸಲಹೆ: ಬಿಳಿ ಮೈ, ಒಂದು ಕಪ್ಪು ರೆಕ್ಕೆ, ಮೂತಿಗೆ ಮಿಂಚುವ ಕಿತ್ತಳೆ. ಹಸುರು ಬಳಿದರೆ ಅಡಿಕೆ ತೋಟದಲ್ಲಿ ಬಿದ್ದದ್ದು ಸಿಗುವುದಿಲ್ಲ. ಮಿಂಚುವ ಬಣ್ಣಕ್ಕೆ ಕೆಳಗೆ ಬಿಳಿಯೇ ಇರಬೇಕು, ಬೂದು ಪ್ರೈಮರಿನ ಮೇಲೆ ನೇರ ಹೊಡೆದರೆ ಕೊಳಕಾಗಿ ಕಾಣುತ್ತದೆ. ಬಿಸಿಲಿನಲ್ಲಿ ಬೇಗ ಮಾಸುವುದರಿಂದ ಹಾರಿಸದ ದಿನಗಳಲ್ಲಿ ರಾಕೆಟ್ಟನ್ನು ಕಿಟಕಿಯ ಬಳಿ ಇಡಬೇಡಿ. ಮಳೆಗಾಲಕ್ಕೆ ಮುಚ್ಚಳವಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಪ್ಯಾರಾಚೂಟನ್ನು ಮಡಿಕೆ ಬಿಚ್ಚಿ ಹೊರಗಿಡಿ, ಎಲಾಸ್ಟಿಕ್ ದಾರ ಪೆಡಸಾಗಿದ್ದರೆ ಮುಂದಿನ ಡಿಸೆಂಬರಿಗೆ ಹೊಸದನ್ನು ಕಟ್ಟಿಕೊಳ್ಳಿ.